ಅಪ್ಪಯ್ಯನ ಮಳೆ ಲೆಕ್ಕ

(ಅಪ್ಪಯ್ಯ ತೀರಿಕೊಂಡು ಒಂದು ವರ್ಷವಾದಾಗ ನಮ್ಮೂರ ಶಾಲೆಯ ಜಗಲಿಯಲ್ಲಿ ಊರವರೆಲ್ಲ ಸೇರಿದ್ದರು. ಅಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಉದ್ದ ಕಡಿಮೆ ಮಾಡಿದ್ದೇನೆ. ಮಾತು ಮುಗಿದ ಮೇಲೆ ನಡೆದದ್ದನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮನೆಯಲ್ಲಿ ನಾವು ಅಪ್ಪಯ್ಯನಿಗೆ ಏಕವಚನವೇ. "ಅಪ್ಪಯ್ಯ, ಊಟಕ್ಕೆ ಬಾ" ಅಂತ ಕರೆದು ಬೆಳೆದವರು. ಇವತ್ತು ಕೈಯಲ್ಲಿ ಮೈಕ್ ಇದೆ, ಎದುರಿಗೆ ನೀವೆಲ್ಲ ಇದ್ದೀರಿ. ಅದಕ್ಕೆ ಬಹುವಚನ ಹಾಕುತ್ತೇನೆ. ನಡುವೆ ಎಲ್ಲಾದರೂ ಜಾರಿದರೆ ತಪ್ಪು ತಿಳಿಯಬೇಡಿ.

ನನಗಿಂತ ಮೊದಲು ಮಾತಾಡಿದವರು ಅಪ್ಪಯ್ಯನನ್ನು ಅಜಾತಶತ್ರು ಅಂದರು. ಕೇಳಿ ಖುಷಿಯಾಯಿತು. ಆದರೆ ನಮ್ಮ ಪಕ್ಕದ ತೋಟದವರು ಅಲ್ಲಿ ಹಿಂದೆ ಕೂತು ನಗುತ್ತಿದ್ದಾರೆ. ಬಸಿಗಾಲುವೆ ವಿಷಯಕ್ಕೆ ಅವರೂ ಅಪ್ಪಯ್ಯನೂ ಎರಡು ವರ್ಷ ಮಾತು ಬಿಟ್ಟಿದ್ದರು. ಆ ಎರಡು ವರ್ಷವೂ ಅವರ ಮನೆ ಸಂಕಷ್ಟಿ ಪ್ರಸಾದ ನಮ್ಮನೆಗೆ, ನಮ್ಮನೆ ಹಲಸಿನಕಾಯಿ ಹಪ್ಪಳ ಅವರ ಮನೆಗೆ ಹೋಗುತ್ತಲೇ ಇತ್ತು. ಹೊತ್ತುಕೊಂಡು ಹೋಗುತ್ತಿದ್ದವಳು ನಾನು. ಹಾಗಾಗಿ ಶತ್ರು ಇರಲಿಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ, ಇದ್ದರು ಅನ್ನುವುದೂ ಅಲ್ಲ.

ಸತ್ತವರನ್ನು ದೇವರು ಮಾಡಿ ಗೋಡೆಗೆ ಹಾಕುವುದು ಸುಲಭ. ನನಗೆ ಅಷ್ಟು ದೊಡ್ಡ ಮಾತು ಬರುವುದಿಲ್ಲ. ನಾನು ಇವತ್ತು ಎರಡೇ ವಸ್ತು ತಂದಿದ್ದೇನೆ. ಒಂದು ಈ ಡಬ್ಬ. ಇನ್ನೊಂದು ಈ ಪುಸ್ತಕದ ಕಟ್ಟು. ಇವುಗಳ ಬಗ್ಗೆ ಹೇಳಿ ಕೂತುಬಿಡುತ್ತೇನೆ.

ನಮ್ಮ ಕಡೆಯ ಮಳೆ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿಂದ ನಗರ, ನಗರದಿಂದ ಮಾಸ್ತಿಕಟ್ಟೆ, ಹುಲಿಕಲ್ ಘಾಟಿ. ಬೆಂಗಳೂರಿನಲ್ಲಿ ನಾನು "ನಗರದ ಹತ್ತಿರ ನಮ್ಮೂರು" ಅಂದರೆ "ಯಾವ ನಗರ?" ಅಂತ ಕೇಳುತ್ತಾರೆ. ಕೆಳದಿ ಅರಸರ ಬಿದನೂರೇ ನಮ್ಮ ನಗರ, 1763ರಲ್ಲಿ ಹೈದರಾಲಿ ಹಿಡಿದುಕೊಂಡದ್ದು ಇದನ್ನೇ ಅಂತ ಇತಿಹಾಸವನ್ನೆಲ್ಲ ಹೇಳಬೇಕಾಗುತ್ತದೆ. ಮಳೆ ಬಗ್ಗೆ ಹೇಳಿದರಂತೂ ನಂಬುವುದೇ ಇಲ್ಲ. ಒಂದೇ ದಿನದಲ್ಲಿ ಎಂಟು ಇಂಚು ಅಂದರೆ "ತಿಂಗಳಿಗಾ?" ಅನ್ನುತ್ತಾರೆ.

ಅಪ್ಪಯ್ಯ ಮಳೆ ಅಳೆಯುತ್ತಿದ್ದರು. ಯಾರೂ ಹೇಳಿದ್ದಲ್ಲ, ಯಾರೂ ಸಂಬಳ ಕೊಟ್ಟಿದ್ದಲ್ಲ. ಅಂಗಳದ ಮೂಲೆಯಲ್ಲಿ, ಮಾಡಿನ ನೀರು ಹಾರದ ಕಡೆ, ಒಂದು ಕಲ್ಲಿನ ಮೇಲೆ ಡಬ್ಬ. ಬಿಸ್ಕತ್ತಿನ ಡಬ್ಬ. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಹೋಗಿ ನನ್ನ ಶಾಲೆಯ ಅರ್ಧ ಅಡಿ ಸ್ಕೇಲನ್ನು ಅದರೊಳಗೆ ಇಳಿಸಿ ನೋಡುವುದು. ಎಂಟೂವರೆಯೇ ಯಾಕೆ ಅಂದರೆ, ದೇಶದಲ್ಲೆಲ್ಲ ಹವಾಮಾನ ಇಲಾಖೆಯವರು ಮಳೆ ಲೆಕ್ಕ ಹಾಕುವುದು ಬೆಳಿಗ್ಗೆ ಎಂಟೂವರೆಗೆ. ಅದನ್ನು ಎಲ್ಲೋ ಕೇಳಿ ತಿಳಿದುಕೊಂಡಿದ್ದರು. ಸ್ಕೇಲು ಸಾಲದ ದಿನಗಳೂ ಇದ್ದವು. ಆಗ ಅರ್ಧ ತುಂಬಿದಾಗಲೇ ಅಳೆದು, ಚೆಲ್ಲಿ, ಮತ್ತೆ ಇಟ್ಟು ಬರುತ್ತಿದ್ದರು. ರಾತ್ರಿ ಎರಡು ಗಂಟೆಗೆ ಗೊರಬು ಹಾಕಿಕೊಂಡು ಹೋಗಿದ್ದೂ ಉಂಟು. ಅಮ್ಮ ಒಳಗಿಂದ, "ಮಳೆ ಎಲ್ಲೂ ಓಡಿ ಹೋಗೋದಿಲ್ಲ, ಮಲ್ಕೊಳ್ಳಿ" ಅನ್ನುತ್ತಿದ್ದಳು.

ನನ್ನ ಮಗಳು ಸಣ್ಣವಳಿದ್ದಾಗ ಕೇಳಿದ್ದಳು: "ಅಜ್ಜ, ಡಬ್ಬ ಅಗಲ ಇದ್ರೆ ಜಾಸ್ತಿ ಮಳೆ ಬೀಳುತ್ತೆ ಅಲ್ವಾ?" ಅಪ್ಪಯ್ಯ ಉತ್ತರ ಹೇಳಲಿಲ್ಲ. ಒಂದು ಲೋಟ, ಒಂದು ಡಬ್ಬ, ಒಂದು ದೊಡ್ಡ ಪಾತ್ರೆ, ಮೂರನ್ನೂ ಸಾಲಾಗಿ ಅಂಗಳದಲ್ಲಿ ಇಡಿಸಿದರು. ಮಾರನೇ ದಿನ ಸ್ಕೇಲು ಅವಳ ಕೈಗೇ ಕೊಟ್ಟರು. ಡಬ್ಬದಲ್ಲೂ ಪಾತ್ರೆಯಲ್ಲೂ ಒಂದೇ ಎತ್ತರ. ಲೋಟದಲ್ಲಿ ಮಾತ್ರ ಜಾಸ್ತಿ. ಅವಳಿಗೆ ಗಲಿಬಿಲಿ. "ಲೋಟದ ಬುಡ ಸಣ್ಣ, ಬಾಯಿ ದೊಡ್ಡ. ಬಾಯಿ ದೊಡ್ಡ ಇರುವವರ ಲೆಕ್ಕ ನಂಬಬಾರದು" ಅಂದರು. ಅವತ್ತಿನಿಂದ ಡಬ್ಬ ನೋಡುವ ಕೆಲಸ ಅವಳದು. ದಿನಕ್ಕೆ ಒಂದು ರೂಪಾಯಿ ಸಂಬಳ. ರಜೆ ಮುಗಿಸಿ ಬೆಂಗಳೂರಿಗೆ ಹೊರಟಾಗ ಲೆಕ್ಕ ಮಾಡಿ ಚಿಲ್ಲರೆ ಎಣಿಸಿ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು. ನನಗೂ ಅಣ್ಣನಿಗೂ ಹೊಟ್ಟೆಕಿಚ್ಚು. ನಮಗೆ ಆ ಡಬ್ಬ ಮುಟ್ಟಿದರೆ ಬೈಗುಳ ಬೀಳುತ್ತಿತ್ತು. ಅಪ್ಪಯ್ಯ ಅಜ್ಜ ಆಗುವಾಗ ಬೇರೆಯೇ ಮನುಷ್ಯ ಆಗಿಬಿಟ್ಟರು. ಅಡಿಕೆ ಬೇಯಿಸುವ ಹೊತ್ತಿನಲ್ಲಿ ಮೊಮ್ಮಕ್ಕಳು ಅವರ ಮುಖಕ್ಕೆ ಚೊಗರಿನಲ್ಲಿ, ಅಂದರೆ ಅಡಿಕೆ ಬೆಂದ ಬಣ್ಣದ ನೀರಿನಲ್ಲಿ, ಮೀಸೆ ಬರೆದಿದ್ದವು. ಚೊಗರು ಅಷ್ಟು ಸುಲಭಕ್ಕೆ ಹೋಗುತ್ತದಾ? ಆ ಮೀಸೆಯಲ್ಲೇ ಶಿವಮೊಗ್ಗದ ಮಂಡಿಗೆ ಹೋಗಿ ಬಂದರು.

ಪುಸ್ತಕಕ್ಕೆ ಬರುತ್ತೇನೆ. ಒಟ್ಟು 47 ಇವೆ. ವರ್ಷಕ್ಕೆ ಒಂದು. ಮಳೆ ಇಂಚಿನಲ್ಲಿ, ಇಂಚು ಒಡೆದರೆ ನೂಲಿನಲ್ಲಿ. ಎಂಟು ನೂಲಿಗೆ ಒಂದು ಇಂಚು, ಬಡಗಿಯವರ ಲೆಕ್ಕ. ದಿನಕ್ಕೆ ಒಂದೇ ಸಾಲು. ಮಳೆ ನಕ್ಷತ್ರ, ಪಾದ, ಎಷ್ಟು ಬಿತ್ತು, ತೋಟದಲ್ಲಿ ಏನು ಕೆಲಸ. ಜಾಗ ಉಳಿದರೆ ಮನೆ ವಿಷಯ. ಉಳಿಯದಿದ್ದರೆ ಇಲ್ಲ.

ನಾನು ಹುಟ್ಟಿದ ದಿನದ ಸಾಲು ಓದುತ್ತೇನೆ. "ಸುಲಿಯುವವರು 11 ಜನ. 14 ಡಬ್ಬ. ಹೆಣ್ಣು ಮಗು, ಇಬ್ಬರೂ ಸೌಖ್ಯ. ಮಳೆ ಇಲ್ಲ."

ನಾನು ಹೈಸ್ಕೂಲಿನಲ್ಲಿದ್ದಾಗ ಇದನ್ನು ಕದ್ದು ಓದಿ ಅತ್ತಿದ್ದೆ. ಸುಲಿದ ಅಡಿಕೆ ಆದಮೇಲೆ ನನ್ನ ಸರದಿ! ಅಮ್ಮನ ಹತ್ತಿರ ಜಗಳ ತೆಗೆದೆ. ಅಮ್ಮ ಹೇಳಿದಳು: "ನಿನ್ನಣ್ಣನದು ಓದು." ಅಣ್ಣ ಹುಟ್ಟಿದ್ದು ಆಷಾಢದಲ್ಲಿ. "ಪುನರ್ವಸು. 6 ಇಂಚು 2 ನೂಲು. ಹಳ್ಳ ದಾಟಲು ಆಗಲಿಲ್ಲ. ಗಂಡು ಅಂತ ಆಚೆಯಿಂದ ಕೂಗಿ ಹೇಳಿದರು." ಅಮ್ಮ ತವರಿನಲ್ಲಿದ್ದಳು. ಹಳ್ಳ ದಾಟುವ ಸಂಕ ಕೊಚ್ಚಿ ಹೋಗಿತ್ತು. ಅಪ್ಪಯ್ಯ ಹಳ್ಳದ ಈಚೆ, ನಮ್ಮ ಸೋದರಮಾವ ಆಚೆ. ನೀರಿನ ಸದ್ದಿಗೆ ಒಂದೇ ಸಲಕ್ಕೆ ಕೇಳಲಿಲ್ಲವಂತೆ. "ಗಂಡು" ಅನ್ನುವುದನ್ನು ಇವರು "ಗುಂಡು" ಅಂತ ತಿಳಿದು, ಯಾವ ಗುಂಡು ಅಂತ ತಿರುಗಿ ಕೇಳಿದ್ದರಂತೆ.

ಈಗ ಔಷಧಿ ಹೊಡೆಯುವ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಪ್ಪಯ್ಯ ಜಾಸ್ತಿ ಮಾತಾಡುತ್ತಿದ್ದದ್ದು ಇದೊಂದರ ಬಗ್ಗೆ ಮಾತ್ರ.

ಅಡಿಕೆಯ ಕೊಳೆರೋಗ ನಮ್ಮ ಅಜ್ಜನ ಕಾಲದವರಿಗೆ ಶಾಪದ ಹಾಗೆ. ಮಳೆ ಹಿಡಿದರೆ ಕಾಯಿ ಕೊಳೆತು ಉದುರುವುದು, ಅಷ್ಟೇ ಗೊತ್ತು. ಹುಲ್ಲಿನದೋ ಹಾಳೆಯದೋ ಕೊಟ್ಟೆ ಮಾಡಿ ಒಂದೊಂದು ಅಡಿಕೆ ಗೊನೆಗೂ ಕಟ್ಟುತ್ತಿದ್ದರು. 1908ರಲ್ಲಿ ಕೆನಡಾದಿಂದ ಕೋಲ್ಮನ್ ಅನ್ನುವವರು ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಮುಂದೆ ಕೃಷಿ ಇಲಾಖೆಯ ಡೈರೆಕ್ಟರ್ ಆದರು. ಈ ರೋಗ ಒಂದು ಶಿಲೀಂಧ್ರದ್ದು ಅಂತ ಪತ್ತೆ ಮಾಡಿ, ಮಲೆನಾಡಿನ ತೋಟಗಳಿಗೆ ಬೋರ್ಡೋ ದ್ರಾವಣ ಹೊಡೆಸಿದವರು ಅವರು. ಅಪ್ಪಯ್ಯನ ಬಾಯಲ್ಲಿ "ಕೋಲ್ಮನ್ ಸಾಹೇಬ". ತಾನೇ ಕಂಡು ಮಾತಾಡಿಸಿದ ಹಾಗೆ ಹೇಳುತ್ತಿದ್ದರು. ಆ ದ್ರಾವಣ ಹುಟ್ಟಿದ ಕತೆ ಅವರಿಗೆ ಇನ್ನೂ ಇಷ್ಟ. ಫ್ರಾನ್ಸಿನ ಬೋರ್ಡೋ ಕಡೆ ದಾರಿ ಬದಿಯ ದ್ರಾಕ್ಷಿಯನ್ನು ಹೋಗಿ ಬರುವವರು ಕಿತ್ತು ತಿನ್ನುತ್ತಿದ್ದರು. ತೋಟದವರು ನೋಡಿದವರಿಗೆ ಹೆದರಿಕೆ ಆಗಲಿ ಅಂತ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು, ಅದಕ್ಕೆ ಸುಣ್ಣ ಕಲಸಿ ಎರಚಿದರು. ಕಳ್ಳರೂ ಹೋದರು, ರೋಗವೂ ಹೋಯಿತು. ಮಿಲಾರ್ಡೆ ಅನ್ನುವ ವಿಜ್ಞಾನಿ ಅದನ್ನು ಗಮನಿಸಿದರು. 1880ರ ದಶಕದ ಮಾತು. "ನಮ್ಮ ತೋಟ ಉಳಿಸಿದ್ದು ದ್ರಾಕ್ಷಿ ಕಳ್ಳರು" ಅಂತ ಅಪ್ಪಯ್ಯ ಎಷ್ಟು ಸಲ ಹೇಳಿದ್ದಾರೋ. ಕೇಳಿದವರು ಇಲ್ಲಿ ತುಂಬ ಜನ ಇದ್ದೀರಿ.

ಕಲಸುವುದನ್ನು ನೋಡಬೇಕಿತ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ತುತ್ತವನ್ನು ಹಿಂದಿನ ರಾತ್ರಿ ಗೋಣಿ ತುಂಡಿನಲ್ಲಿ ಕಟ್ಟಿ ಅರ್ಧ ನೀರಿನಲ್ಲಿ ತೂಗುಬಿಡುವುದು. ಬೆಳಗಾಗುವುದರೊಳಗೆ ಅದು ಕರಗಿ ಪೀಪಾಯಿ ನೀಲಿ ನೀಲಿ. ಸುಣ್ಣಕ್ಕೆ ಇನ್ನೊಂದು ಪೀಪಾಯಿ. ಕಬ್ಬಿಣದ ಪಾತ್ರೆ ಹತ್ತಿರ ಸುಳಿಯಬಾರದು. ಆಮೇಲೆ ನೀಲಿಯನ್ನು ಬಿಳಿಗೆ ಹೊಯ್ಯಬೇಕು. ನಿಧಾನಕ್ಕೆ, ಕಲಕುತ್ತಾ. ಬಿಳಿಯನ್ನು ನೀಲಿಗೆ ಹೊಯ್ದರೆ ಹಾಲು ಒಡೆದ ಹಾಗೆ ಆಗುತ್ತದೆ. ನನ್ನ ಮಗ ಯಾಕೆ ಅಂತ ಕೇಳಿದ್ದಕ್ಕೆ, "ತುತ್ತ ಸುಣ್ಣದ ಮನೆಗೆ ಹೋಗಬೇಕು ಮಾರಾಯ. ಸುಣ್ಣ ತುತ್ತದ ಮನೆಗೆ ಹೋದರೆ ಸಂಸಾರ ಒಡೀತದೆ" ಅಂದಿದ್ದರು.

ಕೊನೆಗೆ ಕತ್ತಿ. ಚೆನ್ನಾಗಿ ಉಜ್ಜಿ ಹೊಳೆಯುವ ಕತ್ತಿಯನ್ನು ಔಷಧಿಯಲ್ಲಿ ಅದ್ದಿ ಒಂದು ನಿಮಿಷ ಹಿಡಿಯುವುದು. ಆ ನಿಮಿಷ ನಮ್ಮ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಕತ್ತಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ತುತ್ತ ಹೆಚ್ಚಾಯಿತು ಅಂತ ಅರ್ಥ. ಹಾಗೇ ಹೊಡೆದರೆ ಕಾಯಿ, ಸೋಗೆ ಸುಡುತ್ತದೆ. ಇನ್ನೊಂದು ಹಿಡಿ ಸುಣ್ಣ ಹಾಕು, ಕಲಕು, ಕತ್ತಿ ಉಜ್ಜು, ಮತ್ತೆ ಅದ್ದು. ಎಷ್ಟೇ ಅವಸರ ಇರಲಿ, ಕತ್ತಿ ಬೆಳ್ಳಗೆ ಬರುವವರೆಗೂ ಪಂಪು ಮುಟ್ಟಲು ಬಿಡುತ್ತಿರಲಿಲ್ಲ. ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು. ಮಾರನೇ ದಿನಕ್ಕೆ ಅದು ಬರೀ ಬಣ್ಣದ ನೀರು.

ಔಷಧಿ ಹೊಡೆಯುವ ದಿನಕ್ಕೆ ಅಂತಲೇ ಒಂದು ಅಂಗಿ ಇತ್ತು. ಮೂಲದಲ್ಲಿ ಯಾವ ಬಣ್ಣ ಅಂತ ಅಮ್ಮನಿಗೂ ಮರೆತಿತ್ತು. ಅದು ಹಾಕಿಕೊಂಡು ಅಪ್ಪಯ್ಯ ಮರದ ಬುಡದಲ್ಲಿ ಕತ್ತು ಎತ್ತಿ ನಿಲ್ಲುತ್ತಿದ್ದರು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಮೇಲಿರುವಷ್ಟು ಹೊತ್ತೂ. ಮುಖದ ಮೇಲೆಲ್ಲ ನೀಲಿ ಹನಿ. ಕೆಲಸ ಸರಿ ಆಗುತ್ತಿದೆಯೋ ಇಲ್ಲವೋ ಅಂತ ನೋಡುತ್ತಾರೆ, ಎಷ್ಟು ಗುಮಾನಿ ಇವರಿಗೆ ಅಂತ ನಾವು ಮಕ್ಕಳು ಅಂದುಕೊಂಡಿದ್ದೆವು.

ಮೊದಲ ಸಲ ರೋಹಿಣಿ ಮಳೆಯಲ್ಲಿ, ಮೃಗಶಿರ ಹಿಡಿಯುವುದರೊಳಗೆ. ಎರಡನೆಯದು ನಲವತ್ತು, ನಲವತ್ತೈದು ದಿನಕ್ಕೆ. ಮೊದಲನೆಯದು ಸುಲಭ. ಎರಡನೆಯದೇ ಕಷ್ಟ. ಅದು ಪುನರ್ವಸು, ಪುಷ್ಯದ ನಡುವೆ ಬರುತ್ತದೆ. ಹೊಳವಾಗಬೇಕು, ಅಂದರೆ ಮಳೆ ಸ್ವಲ್ಪ ಹೊತ್ತು ಬಿಡಬೇಕು. ಹೊಳವಾಗದಿದ್ದರೆ ಹೊಡೆದ ಔಷಧಿ ತೊಳೆದು ಹೋಗುತ್ತದೆ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಹೊಳವಾಗಲಿಲ್ಲ. ಈ ಮಾತು ಹೇಳಲೋ ಬೇಡವೋ ಅಂತ ಅಣ್ಣನನ್ನು ಕೇಳಿದೆ. ಅವನು ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಹೇಳು ಅಂದಿದ್ದಾನೆ.

ಅಪ್ಪಯ್ಯ ಕಾದರು. ಇವತ್ತು ಬಿಡುತ್ತದೆ, ನಾಳೆ ಬಿಡುತ್ತದೆ ಅಂತ. ಊರಲ್ಲಿ ಕೆಲವರು ಹನಿ ಮಳೆಯಲ್ಲೇ ಹೊಡೆಸಿದರು. ಅವರ ತೋಟ ಅರ್ಧವಾದರೂ ಉಳಿಯಿತು. ನಮ್ಮದು ಉಳಿಯಲಿಲ್ಲ. ಕೊಳೆ ಬಂದ ತೋಟ ನೋಡಿದವರಿಗೆ ಗೊತ್ತು. ಮೊದಲು ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಒಂದು ಗುರುತು. ಆಮೇಲೆ ಅದು ಇಡೀ ಕಾಯಿಗೆ ಹಬ್ಬುತ್ತದೆ. ಆಮೇಲೆ ಉದುರುವುದು. ರಾತ್ರಿ ಮಳೆ ನಿಂತಾಗ ಟಪ್, ಟಪ್ ಅಂತ ಕೇಳಿಸುತ್ತಿತ್ತು. ಮಲಗಿದಲ್ಲೇ ನಾನು ಎಣಿಸುತ್ತಿದ್ದೆ. ಅಪ್ಪಯ್ಯ ಜಗಲಿಯಲ್ಲಿ ಕೂತಿರುತ್ತಿದ್ದರು. ಬೆಳಿಗ್ಗೆ ನೋಡಿದರೆ ಬಿದ್ದ ಕಾಯಿ ಮೇಲೆಲ್ಲ ಬಿಳಿ ಬೂಸ್ಟು.

ಅಣ್ಣನ ಪಿಯುಸಿ ಆಗಷ್ಟೇ ಮುಗಿದಿತ್ತು. ಶಿವಮೊಗ್ಗಕ್ಕೆ ಹೋಗಿ ಮುಂದೆ ಓದಬೇಕಿತ್ತು. ಸೀಟು ಸಿಕ್ಕಿತ್ತು. ಮರದ ಮೇಲಿನ ಬೆಳೆ ನಂಬಿ ಮಂಡಿಯಿಂದ ಮುಂಗಡ ತರುವುದು ನಮ್ಮ ಕಡೆಯ ರೂಢಿ. ಮರದಲ್ಲಿ ಕಾಯಿಯೇ ಇಲ್ಲದಿದ್ದರೆ ಯಾವ ಮುಖ ಇಟ್ಟುಕೊಂಡು ಕೇಳುವುದು? ಅಮ್ಮನ ಸರ ಹಳೇ ಸಾಲಕ್ಕೆ ಹೋಯಿತು. ಅಣ್ಣ ಒಂದು ವರ್ಷ ತಡೆದು ಹೋಗುತ್ತೇನೆ ಅಂದ. ಹೋಗಲೇ ಇಲ್ಲ. ತೋಟಕ್ಕೆ ಇಳಿದವನು ತೋಟದಲ್ಲೇ ಉಳಿದ. ಅಪ್ಪಯ್ಯನ ಮೇಲೆ ಅವನಿಗೆ ಸಿಟ್ಟಿತ್ತು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಮೂವತ್ತು ವರ್ಷ ಉಂಡರು. ಈ ವಿಷಯ ಒಂದು ದಿನವೂ ಬಾಯಿಗೆ ಬರಲಿಲ್ಲ.

ಅಪ್ಪಯ್ಯ ಹೋದಮೇಲೆ ಪುಸ್ತಕಗಳನ್ನೆಲ್ಲ ಬಿಸಿಲಿಗೆ ಹಾಕಿದೆವು. ಆ ವರ್ಷದ ಪುಸ್ತಕ ಅಣ್ಣನ ಕೈಗೇ ಸಿಕ್ಕಿತು. ಆಶ್ಲೇಷ ಮಳೆಯ ಒಂದು ಪುಟದಲ್ಲಿ ಹೀಗಿದೆ: "ಕೊಳೆ. ಮುಕ್ಕಾಲು ಹೋಯಿತು. ಹೊಳವಿಗೆ ಕಾದು ಕೆಟ್ಟೆ. ತಪ್ಪು ನನ್ನದು. ಹುಡುಗನ ಓದು." ಅಷ್ಟೇ. "ಹುಡುಗನ ಓದು" ಆದಮೇಲೆ ಏನೂ ಬರೆದಿಲ್ಲ. ಸಾಲಿನಲ್ಲಿ ಜಾಗ ಇತ್ತು.

ಅಣ್ಣ ಅದನ್ನು ಓದಿ ನನ್ನ ಕೈಗೆ ಕೊಟ್ಟು ಕೊಟ್ಟಿಗೆ ಕಡೆ ಹೋದ. ಹೇಳುವುದಿದ್ದರೆ ಬದುಕಿದ್ದಾಗ ಹೇಳಬಹುದಿತ್ತಲ್ಲ ಅಂತ ನನಗೆ ಅಪ್ಪಯ್ಯನ ಮೇಲೆ ಸಿಟ್ಟೇ ಬಂತು. ಈಗಲೂ ಸ್ವಲ್ಪ ಇದೆ.

ಕೊನೆಯ ಎರಡು ವರ್ಷ ಅವರಿಗೆ ಎಲೆಚುಕ್ಕಿ ರೋಗದ್ದೇ ಚಿಂತೆ. ಕೊಳೆಯಾದರೆ ಆ ವರ್ಷದ ಫಸಲು ತಿನ್ನುತ್ತದೆ, ಇದು ಸೋಗೆಯನ್ನೇ ಸುಡುತ್ತದೆ, ಮರವನ್ನೇ ಸೋಲಿಸುತ್ತದೆ ಅನ್ನುತ್ತಿದ್ದರು. ಕೈ ನಡುಗಿ ಬರೆಯಲು ಆಗುತ್ತಿರಲಿಲ್ಲ. ಹೇಳುತ್ತಿದ್ದರು, ನನ್ನ ಮಗಳು ಬರೆಯುತ್ತಿದ್ದಳು. ಅವಳು "ಸುಮಾರು 2 ಇಂಚು" ಅಂತ ಬರೆದಿದ್ದನ್ನು ಓದಿಸಿ, ಸುಮಾರು ಅನ್ನುವುದನ್ನು ಹೊಡೆದು ಹಾಕಿಸಿದರು. ಈಗ ಉದ್ದದ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು. ಮೊದಲ ದಿನ ಅದನ್ನು ನೋಡಿದ ಅಪ್ಪಯ್ಯ ಕುರ್ಚಿ ತರಿಸಿಕೊಂಡು ತೋಟದಲ್ಲೇ ಮಧ್ಯಾಹ್ನದವರೆಗೆ ಕೂತಿದ್ದರು. "ಕತ್ತು ನೋವಿಲ್ಲ" ಅಂದರು. ಕುರ್ಚಿಯಲ್ಲಿ ಕೂತವರಿಗೆ ಕತ್ತು ನೋವು ಯಾಕೆ ಬರುತ್ತದೆ ಅಂತ ನಾವು ನಕ್ಕೆವು.

ಇಷ್ಟೇ ನನ್ನ ಮಾತು. ಕಾಫಿ, ಅವಲಕ್ಕಿ ಇದೆ. ಮಳೆ ಬರುವ ಹಾಗಿದೆ, ಎಲ್ಲರೂ ತಗೊಂಡೇ ಹೋಗಬೇಕು.

*

ನಾನು ಕೂತೆ. ವಂದನಾರ್ಪಣೆಗೆ ಒಬ್ಬರು ಎದ್ದರು. ಅಷ್ಟರಲ್ಲಿ ಬಾಗಿಲ ಹತ್ತಿರ ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ನಮ್ಮ ತೋಟದಲ್ಲಿ ಮೂವತ್ತು ವರ್ಷ ಮರ ಹತ್ತಿದ ಕೊನೆಗೌಡರು. ಮೈಕ್ ಬೇಡ ಅಂದರು.

"ತಂಗೀ, ಒಂದ್ ಮಾತು. ಆ ವರ್ಷ ಹೊಳ ಆಗ್ಲಿಲ್ಲ ಅಂದ್ಯಲ್ಲ, ಆಗಿತ್ತು. ಪುಷ್ಯದಲ್ಲಿ ಒಂದ್ ಮಧ್ಯಾಹ್ನ. ಔಷಧಿ ಕಲಸಿ ಆಗಿತ್ತು. ಕತ್ತಿ ನೋಡಿ ಆಗಿತ್ತು. ನಾನು ಕಾಲಿಗೆ ತಳೆ ಹಾಕ್ಕೊಂಡು ಹತ್ತಿದೆ. ಮರ ಎಲ್ಲ ಪಾಚಿ. ಮೂರಾಳು ಎತ್ತರ ಹೋಗಿದ್ದೆ, ಕಾಲು ಜಾರ್ತು. ತಳೆ ಹಿಡ್ಕಂಡಿದ್ದಕ್ಕೆ ಉಳ್ದೆ. ಮೊಣಕೈ ಎಲ್ಲ ಕಿತ್ತೋಯ್ತು. ನಿಮ್ಮ ಅಪ್ಪಯ್ಯ ಇಳಿ ಅಂದ್ರು. ಇನ್ನೊಂದು ಮರ ನೋಡ್ತೀನಿ ಅಂದೆ. ಇಳಿ ಅಂದ್ನಲ್ಲ ಅಂತ ಕೂಗಿದ್ರು. ಅವರು ಹಾಗೆ ಕೂಗಿದ್ದು ಅದೊಂದೇ ಸಲ. ನನ್ನ ಸಣ್ಣ ಮಗಳು ಆಗ ತೊಟ್ಟಿಲಲ್ಲಿತ್ತು. ನಾಳೆ ಮರ ಒಣಗ್ಲಿ ಅಂದ್ರು. ಒಣಗ್ಲಿಲ್ಲ."

ಅಷ್ಟು ಹೇಳಿ ಕೂತುಬಿಟ್ಟರು. ವಂದನಾರ್ಪಣೆಯವರು ಏನು ಮಾಡುವುದು ತಿಳಿಯದೆ ಚೀಟಿ ಹಿಡಿದು ನಿಂತಿದ್ದರು. ನಾನು ಅಣ್ಣನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

ಮನೆಗೆ ಬಂದು ಆ ಪುಸ್ತಕ ಮತ್ತೆ ತೆಗೆದೆವು. ಆಶ್ಲೇಷದ ಪುಟದಿಂದ ಹಿಂದಕ್ಕೆ ತಿರುವುತ್ತಾ ಹೋದೆವು. ಪುಷ್ಯ, 2ನೇ ಪಾದ. ನಾವು ಮೊದಲು ಓದುವಾಗ ಈ ಸಾಲು ದಾಟಿಕೊಂಡೇ ಹೋಗಿದ್ದೆವು. ಎಲ್ಲ ದಿನದ ಹಾಗೇ ಒಂದು ಸಾಲು, ಅದೇ ಸಣ್ಣ ಅಕ್ಷರ.

"2 ಇಂಚು 3 ನೂಲು. ಮಧ್ಯಾಹ್ನ ಹೊಳವು. ಮರ ಜಾರು. ಔಷಧಿ 200 ಲೀಟರ್ ಚೆಲ್ಲಿದೆ."

ಕೊನೆಗೌಡರ ಹೆಸರಿಲ್ಲ. ಜಾರಿದ್ದು ಯಾರು ಅಂತ ಇಲ್ಲ.

ಅಣ್ಣ ಆ ಪುಟವನ್ನು ಬಹಳ ಹೊತ್ತು ಬಿಡಿಸಿಕೊಂಡೇ ಕೂತಿದ್ದ. "ಎರಡು ಕೆಜಿ ತುತ್ತ" ಅಂದ, ತನಗೆ ತಾನೇ. ಹೊರಗೆ ಮಳೆ ಶುರುವಾಗಿತ್ತು.

ಮಾರನೇ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವನು ಅಂಗಳದಲ್ಲಿದ್ದ. ಸ್ಕೇಲು ಬೆಳಕಿಗೆ ಹಿಡಿದು ನೋಡಿ, ಕಿಟಕಿಯ ಹತ್ತಿರ ಬಂದು ಒಳಗೆ ಕೂಗಿದ: "ಒಂದು ಇಂಚು ಐದು ನೂಲು. ಬರಕೋ." ನನ್ನ ಮಗಳು ಬರೆದುಕೊಂಡಳು.